ದೇಸೂರ ದಾಟಿದ ಮೇಲೆ

ನವೆಂಬರ್ 6, ಬುಧವಾರ

ಬೆಳಗಾವಿಯ ದೊಡ್ಡ ಆಸ್ಪತ್ರೆಯ ನೀತಿ ಸಮಿತಿಗೆ ಇವತ್ತು ಮೊದಲ ಸಲ ಹೋಗಿ ಬಂದೆ. ಏಳು ಜನ ಸದಸ್ಯರು, ಎರಡು ತಟ್ಟೆ ಗೋಡಂಬಿ. ನನ್ನನ್ನು ಸೇರಿಸಿಕೊಂಡದ್ದು ‘ಸಾಮಾನ್ಯ ನಾಗರಿಕ’ ಎಂಬ ಖಾನೆ ತುಂಬಿಸಲು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸವೆದು ಹೆಡ್‌ಮಾಸ್ತರನಾಗಿ ನಿವೃತ್ತನಾದ ಗುರುಪಾದಪ್ಪ ಇವರ ಪಾಲಿಗೆ ಸಾಮಾನ್ಯ. ಇರಲಿ. ಪರೀಕ್ಷೆಯ ಕೋಣೆಯಲ್ಲಿ ನನ್ನ ಕಣ್ಣು ತಪ್ಪಿಸಿ ಚೀಟಿ ತೆಗೆದ ಹುಡುಗ ಇನ್ನೂ ಹುಟ್ಟಿಲ್ಲ. ಉಳಿದ ಆರು ಜನ ಚೀಟಿ ನೋಡಿಯೇ ಪಾಸಾದವರೆಂದು ಹತ್ತು ನಿಮಿಷದಲ್ಲಿ ತಿಳಿಯಿತು.

ವಿಷಯ ಇದು. ಶೀತಲ ಎಂಬ ಒಂಬತ್ತು ವರ್ಷದ ಹುಡುಗಿ. ಹಲಸಿಯಿಂದ ಆಚೆ ಒಂದು ಕುರುಬರ ವಸ್ತಿಯವಳು. ತಂದೆ ಮುತ್ತಪ್ಪ ಖಾನಾಪುರದಲ್ಲಿ ಲೈನ್‌ಮನ್. ಹುಟ್ಟಿನಿಂದಲೇ ಮೈಯಲ್ಲಿ ಎಂಥದೋ ಉಪ್ಪು ಕಟ್ಟಿಕೊಳ್ಳುವ ರೋಗ. ಎರಡೂ ಕಿಡ್ನಿ ಹೋಗಿ ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೇರೆ ಕಿಡ್ನಿ ಹಾಕುವ ಆಸೆಯಲ್ಲಿ ಇಷ್ಟು ದಿನ ಎಳೆದರು. ಈಗ ನೋಡಿದರೆ ಉಪ್ಪು ಹೃದಯಕ್ಕೂ ಇಳಿದಿದೆ, ಶಸ್ತ್ರಕ್ರಿಯೆ ತಡೆಯುವುದಿಲ್ಲ. ಯಂತ್ರ ಮುಂದುವರಿಸಿದರೆ ಕೆಲವು ತಿಂಗಳು, ಪ್ರತಿ ಸಲವೂ ನರಳಾಟ. ನಿಲ್ಲಿಸಿದರೆ ಹತ್ತು ಹನ್ನೆರಡು ದಿನ. ಮುಂದುವರಿಸಬೇಕೇ, ನಿಲ್ಲಿಸಬೇಕೇ?

ಇದನ್ನು ಡಾಕ್ಟರ್ ಅನಿಕೇತ ಎಂಬ ಮಕ್ಕಳ ಕಿಡ್ನಿ ವೈದ್ಯ ನಲವತ್ತು ಸ್ಲೈಡು ಹಾಕಿ ಹೇಳಿದ. ಕೊನೆಗೆ ತನ್ನ ಅಭಿಪ್ರಾಯ ಮಾತ್ರ ಹೇಳಲಿಲ್ಲ. ಅದು ಕುಟುಂಬದ ನಿರ್ಧಾರವಂತೆ. ಕುಟುಂಬವನ್ನು ಕೇಳಿದರೆ ಡಾಕ್ಟರು ಹೇಳಿದ ಹಾಗೆ ಎನ್ನುತ್ತಾರಂತೆ. ಸಮಿತಿಯನ್ನು ಕೇಳಿದರೆ ನಮ್ಮದು ಸಲಹೆ ಮಾತ್ರ ಎಂದರು ಅಧ್ಯಕ್ಷರು. ದೊಡ್ಡವರೆಲ್ಲ ಸೇರಿ ಚೆಂಡಾಟ ಆಡುತ್ತಿದ್ದಾರೆ.

ವಕೀಲ ಕಲ್ಮೇಶ ಒಂದು ಕಾಗದ ಓದಿದ: ಏಳು ವರ್ಷ ಮೀರಿದ ಮಗುವಿನ ಇಚ್ಛೆಯನ್ನೂ ಕೇಳಿ ದಾಖಲಿಸಬೇಕು. ಎಂಟು ತಿಂಗಳಲ್ಲಿ ಯಾರೂ ಕೇಳಿಲ್ಲ. ಎಲ್ಲರೂ ಮೇಜಿನ ಮೇಲೆ ಕಣ್ಣು ನೆಟ್ಟರು. ಆಮೇಲೆ ಅಧ್ಯಕ್ಷರು, ಗುರುಪಾದಪ್ಪನವರು ಮಕ್ಕಳ ನಡುವೆಯೇ ಬಾಳಿದವರು, ಅವರು ಕೇಳಲಿ ಎಂದರು. ಗೋಡಂಬಿಯ ಋಣ.

ನವೆಂಬರ್ 8, ಶುಕ್ರವಾರ

ಹೋಗಿದ್ದೆ. ಹುಡುಗಿ ಆರು ವರ್ಷದವಳ ಹಾಗಿದ್ದಾಳೆ, ಮುಖ ಮಾತ್ರ ಊದಿಕೊಂಡಿದೆ. ನಾಲ್ಕು ತಾಸು ಯಂತ್ರಕ್ಕೆ ಕಟ್ಟಿ ಹಾಕುತ್ತಾರೆ. ಒಂದು ಬದಿಗೆ ತಾಯಿ ಪ್ರಮಿಳಾ, ಇನ್ನೊಂದು ಬದಿಗೆ ಅಜ್ಜಿ ಮಾಯವ್ವ. ತಾಯಿ ಮಾತಾಡುವುದಿಲ್ಲ. ಅಜ್ಜಿ ನನ್ನ ಕೋಟಿನಿಂದ ಬೂಟಿನವರೆಗೆ ನೋಡಿ, ಕುಂದರ್ರಿ ಎಂದು ತನ್ನ ಸ್ಟೂಲು ಕೊಟ್ಟಳು.

ಬರೆದುಕೊಂಡು ಹೋದ ಪ್ರಶ್ನೆಯನ್ನು ಸ್ಪಷ್ಟವಾಗಿ ಓದಿದೆ. ಪ್ರಸ್ತುತ ಚಿಕಿತ್ಸೆಯನ್ನು ಮುಂದುವರಿಸಲು ನಿನಗೆ ಇಚ್ಛೆ ಇದೆಯೇ, ಇಲ್ಲವೇ? ಹುಡುಗಿ ನನ್ನನ್ನೇ ನೋಡಿ ಕಣ್ಣು ಮುಚ್ಚಿದಳು. ನಿದ್ದೆ ಬಂದಿರಬೇಕು, ಇನ್ನೊಮ್ಮೆ ಬರುತ್ತೇನೆ ಎಂದೆ.

“ನಿದ್ದಿ ಬಂದಿಲ್ರಿ ಆಕಿಗೆ,” ಎಂದಳು ಅಜ್ಜಿ. “ನಿಮ್ಮನ್ನ ನೋಡಿ ಕಣ್ಣ ಮುಚ್ಯಾಳ.”

ಕುರಿ ಕಾಯುವ ಮಂದಿಗೆ ಯಾರ ಮುಂದೆ ಹೇಗೆ ಮಾತಾಡಬೇಕೆಂಬ ಅಳತೆ ಇರುವುದಿಲ್ಲ.

ನವೆಂಬರ್ 11, ಸೋಮವಾರ

ವರದಿ ಅಪೂರ್ಣವಾಗಿತ್ತು, ಆದ್ದರಿಂದ ಮತ್ತೆ ಹೋದೆ. ಬೇರೆ ಕಾರಣವಿಲ್ಲ.

ಈ ಸಲ ಕಾಗದವನ್ನು ಕಿಸೆಯಿಂದ ತೆಗೆಯಲಿಲ್ಲ. ಹುಡುಗಿಯೇ ನನ್ನ ಪರೀಕ್ಷೆ ಶುರು ಮಾಡಿದಳು. ನೀವು ಮಾಸ್ತರೇ? ಹೌದು. ಮಕ್ಕಳಿಗೆ ಹೊಡೆಯುತ್ತಿದ್ದಿರೇ? ಹೊಡೆಯುತ್ತಿದ್ದೆ. ಅವರು ಅಳುತ್ತಿದ್ದರೇ? ಕೆಲವರು ಅಳುತ್ತಿದ್ದರು, ಕೆಲವರು ಅಳುತ್ತಿರಲಿಲ್ಲ ಎಂದೆ. ಅಳದವರಿಗೆ ಜಾಸ್ತಿ ಹೊಡೆಯುತ್ತಿದ್ದಿರೇ ಎಂದು ಕೇಳಿದಳು. ಇಷ್ಟು ವರ್ಷ ನಮ್ಮ ಶಾಲೆ ತಪಾಸಣೆಗೆ ಬಂದ ಒಬ್ಬ ಇನ್‌ಸ್ಪೆಕ್ಟರನೂ ಈ ಪ್ರಶ್ನೆ ಕೇಳಿರಲಿಲ್ಲ. ಹೌದು ಎಂದೆ. ಆಕೆಗೆ ಉತ್ತರ ಒಪ್ಪಿಗೆಯಾದ ಹಾಗೆ ಕಂಡಿತು.

ನರ್ಸು ಬಂದು ಸಣ್ಣ ಲೋಟದಲ್ಲಿ ಎರಡು ಗುಟುಕು ನೀರು ಕೊಟ್ಟಳು. ಮೈಯಲ್ಲಿ ನೀರು ನಿಲ್ಲುತ್ತದೆಂದು ದಿನಕ್ಕೆ ಇಷ್ಟೇ ಎಂಬ ಲೆಕ್ಕ. ಹುಡುಗಿ ಅದನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೂತಳು. ನುಂಗಿದ ಮೇಲೆ ಹೇಳಿದಳು:

“ಬರೂಮುಂದ ರೈಲು ದೇಸೂರಿಗೆ ಬಂತಂದ್ರ ನನ್ನ ಹೊಟ್ಟಿ ನೋಯಾಕ ಹತ್ತತೈತ್ರಿ. ಹೊಳ್ಳಿ ಹೋಗೂಮುಂದ ದೇಸೂರ ದಾಟಿದ ಮ್ಯಾಲೆ ಬಿಡತೈತಿ.”

ದೇಸೂರ ಎಂದರೆ ಖಾನಾಪುರದಿಂದ ಬರುವಾಗ ಬೆಳಗಾವಿಗೆ ಮುಂಚಿನ ಸ್ಟೇಷನ್. ಹಾಗಾದರೆ ನಿನಗೇನು ಬೇಕು ಎಂದೆ.

“ದೇಸೂರ ದಾಟೂದು ಬ್ಯಾಡ್ರಿ.”

ಬರದಿದ್ದರೆ ಏನಾಗುತ್ತದೆಂದು ಗೊತ್ತೇ ಎಂದು ಕೇಳಬೇಕಾಗಿತ್ತು. ನಿಯಮದಲ್ಲಿ ಅದೂ ಇದೆ. ಕೇಳಿದೆ.

“ಗೊತ್ತೈತ್ರಿ. ಆಯಿಗೆ ಹೇಳೀನಿ. ಅಪ್ಪಗ ಹೇಳಬ್ಯಾಡ್ರಿ, ಅಳತಾನ.”

ಆಯಿ ಎಂದು ಅವಳು ಕರೆಯುವ ಅಜ್ಜಿ ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಛತ್ರಿ ಅಲ್ಲೇ ಬಿಟ್ಟು ಬಂದೆ. ಮರೆವು ಹೆಚ್ಚಾಗುತ್ತಿದೆ.

ನವೆಂಬರ್ 13, ಬುಧವಾರ

ಹೋಗಲಿಲ್ಲ. ಯಾಕೆ ಹೋಗಬೇಕು? ಮಾಹಿತಿ ಸಿಕ್ಕಾಗಿದೆ.

ನವೆಂಬರ್ 15, ಶುಕ್ರವಾರ

ಛತ್ರಿ ತರಲು ಹೋಗಿದ್ದೆ. ಹೋದ ಹೊತ್ತಿಗೆ ಹುಡುಗಿಯ ರಕ್ತದ ಒತ್ತಡ ಇಳಿದಿತ್ತು. ಯಂತ್ರದ ಗಂಟೆ ಹೊಡೆದುಕೊಳ್ಳುತ್ತಿತ್ತು. ಕಾಲಿನ ಸ್ನಾಯು ಹಿಡಿದು ಹುಡುಗಿ ಬಿಲ್ಲಿನಂತೆ ಬಾಗಿದ್ದಳು. ಕೂಗಲಿಲ್ಲ, ಅಳಲಿಲ್ಲ. ಅಳದವರ ಪೈಕಿ. ಅನಿಕೇತ ಡಾಕ್ಟರು ನೆಲಕ್ಕೆ ಮೊಣಕಾಲೂರಿ ತಾನೇ ಕಾಲು ತಿಕ್ಕುತ್ತಿದ್ದ. ಹತ್ತು ಜನರಿಗೆ ಹುಕುಂ ಮಾಡಬಹುದಾದವನು. ತೋರಿಕೆಗೆ ಇರಬಹುದು. ಆದರೆ ಅವನು ನನ್ನನ್ನು ನೋಡಿರಲಿಲ್ಲ.

ಮುತ್ತಪ್ಪ ಹೊರಗೆ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಗಾಳಿ ಮಳೆಯಲ್ಲಿ ಕಂಬ ಹತ್ತುವ ಗಂಡಸು, ಒಳಗೆ ಬರಲು ಕಾಲು ಬಾರದು. ನೀವಾದರೂ ಒಂದು ತೀರ್ಮಾನ ಹೇಳಿ, ಮಗು ನರಳುತ್ತಿದೆ ಎಂದೆ. ಜೋರಾಗಿಯೇ ಹೇಳಿದೆ.

“ನಿಲ್ಲಸರಿ ಅಂತ ಸಹಿ ಮಾಡಿದ್ರ, ನನ್ನ ಕೈಯಾರ ಲೈನ್ ಕಟ್ ಮಾಡಿದ್ಹಂಗ ಆಗತೈತ್ರಿ ಸರ,” ಎಂದ. “ಕಟ್ ಮಾಡಿದ ಕೈಲೆ ಮುಂದ ಹೆಂಗ ಊಟ ಮಾಡ್ಲಿ?”

ಹೇಡಿ ಎಂದುಕೊಂಡೆ. ಮನೆಗೆ ಬಂದು ಕಾಶವ್ವನಿಗೂ ಹಾಗೆಯೇ ಹೇಳಿದೆ. ನೀವಾಗಿದ್ದರೆ ಸಹಿ ಮಾಡುತ್ತಿದ್ದಿರೇನು ಎಂದು ನನ್ನ ಹೆಂಡತಿ ಕೇಳಿದಳು. ಅವಳಿಗೆ ಎಲ್ಲದರಲ್ಲೂ ಬಾಯಿ ಹಾಕುವ ಚಾಳಿ. ಛತ್ರಿ ಮತ್ತೆ ಅಲ್ಲೇ ಉಳಿಯಿತು.

ನವೆಂಬರ್ 20, ಬುಧವಾರ

ಎರಡನೆಯ ಸಭೆ. ಇಂದು ಗೋಡಂಬಿಯ ಬದಲು ಕುಂದಾ. ನನ್ನ ವರದಿ ಓದಿದೆ: ದೇಸೂರ ದಾಟಲು ಮಗುವಿಗೆ ಇಷ್ಟವಿಲ್ಲ. ಹೌದು, ಅಲ್ಲ ಎಂಬ ಎರಡೇ ಖಾನೆ ಇರುವುದರಿಂದ ದೇಸೂರನ್ನು ಎಲ್ಲಿ ಬರೆಯುವುದೆಂದು ಹದಿನೈದು ನಿಮಿಷ ಚರ್ಚೆ ಮಾಡಿದರು. ಇದು ಇಚ್ಛೆಯ ಸ್ಪಷ್ಟ ಅಭಿವ್ಯಕ್ತಿ ಅಲ್ಲ ಎಂದ ಕಲ್ಮೇಶ. ಇದಕ್ಕಿಂತ ಸ್ಪಷ್ಟವಾಗಿ ನೀನು ಜನ್ಮದಲ್ಲಿ ಒಂದು ವಾಕ್ಯ ಆಡಿಲ್ಲ ಎಂದು ಹೇಳಬೇಕಾಗಿತ್ತು. ಬಾಯಲ್ಲಿ ಕುಂದಾ ಇತ್ತು.

ಅನಿಕೇತನನ್ನು ನಾನು ನೇರವಾಗಿ ಕೇಳಿದೆ, ನಿಮ್ಮ ಮಗುವಾಗಿದ್ದರೆ? ಅವನು ಕನ್ನಡಕ ತೆಗೆದು ಒರೆಸಿ, ನಿಲ್ಲಿಸುತ್ತಿದ್ದೆ ಎಂದ. ಆದರೆ ಅದನ್ನು ಆ ತಂದೆಗೆ ಹೇಳಿದರೆ ಅದು ಸಲಹೆಯಾಗಿ ಕೇಳಿಸುವುದಿಲ್ಲ, ಅಪ್ಪಣೆಯಾಗಿ ಕೇಳಿಸುತ್ತದೆ ಎಂದ. ಇಷ್ಟು ವರ್ಷ ಓದಿದ್ದು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯಲಿಕ್ಕೆ.

ಠರಾವು: ತಂದೆ-ತಾಯಿಯ ನಿರ್ಧಾರವನ್ನು ಸಮಿತಿ ಗೌರವಿಸುತ್ತದೆ. ಆರು ಕೈ ಎದ್ದವು. ಏಳನೆಯದಾಗಿ ನನ್ನದೂ ಎದ್ದಿತು.

ಆಗ ಸಮಾಜ ಸೇವಕಿ ಐಶ್ವರ್ಯಾ ಎದ್ದು ನಿಂತು, ಮನೆಯವರು ಭಾನುವಾರ ದೇವರಿಗೆ ಹೂವಿನ ಪ್ರಸಾದ ಕೇಳುತ್ತಾರಂತೆ, ಬಂದ ಅಪ್ಪಣೆಯ ಹಾಗೆ ನಡೆಯುತ್ತಾರಂತೆ ಎಂದಳು. ದೇವರ ಮೈಗೆ ಎಡಕ್ಕೊಂದು ಬಲಕ್ಕೊಂದು ಹೂವು ಅಂಟಿಸಿ ಯಾವುದು ಮೊದಲು ಬೀಳುತ್ತದೆಂದು ಕಾಯುವುದು; ಆ ಕಡೆಯ ಮರಾಠಿಗರು ಕೌಲ ಎನ್ನುತ್ತಾರೆ. ಸಭೆ ನಕ್ಕಿತು. ನಾನೂ ನಕ್ಕೆ. ಕುಟುಂಬದ ಮೇಲೆ ಯಾರ ಒತ್ತಡವೂ ಇಲ್ಲವೆಂದು ನೋಡಲು ಒಬ್ಬ ಸದಸ್ಯ ಹೋಗಿ ಬರಬೇಕು ಎಂದ ಕಲ್ಮೇಶ. ಮತ್ತೆ ಎಲ್ಲರ ಕಣ್ಣು ಮೇಜಿನ ಮೇಲೆ.

ನವೆಂಬರ್ 24, ಭಾನುವಾರ

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಕಲ್ಲಿನ ಮೈಯಿಂದ ಹೂವು ಉದುರುವುದನ್ನು ನೋಡಲು ರೈಲು ಹತ್ತಿ, ಬಸ್ಸು ಹತ್ತಿ, ಎರಡು ಮೈಲಿ ನಡೆದು ಹೋದೆ. ನಮ್ಮ ತಂದೆ ಬದುಕಿದ್ದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಹುಡುಗಿ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನನ್ನ ಛತ್ರಿ ಅವಳ ಬದಿಗಿತ್ತು. ಊರಿಗೇ ತಂದಿಟ್ಟುಕೊಂಡಿದ್ದಾರೆ. ಅವಳನ್ನು ನೆರೆಮನೆಯವರ ಹತ್ತಿರ ಬಿಟ್ಟು ಉಳಿದವರು ಬೀರಪ್ಪನ ಗುಡಿಗೆ ನಡೆದೆವು. ಗುಡಿ ಎಂದರೆ ನಾಲ್ಕು ತಗಡು. ಪೂಜಾರಿ ಮಾಯವ್ವನ ಮೈದುನ, ಕಣ್ಣು ಮಂಜು. ಪದ್ಧತಿಯಂತೆ ಮನೆಯ ಹಿರಿಯಳೇ ಹೂವು ಅಂಟಿಸಬೇಕು. ಬಲಗಡೆಯ ಹೂವು ಬಿದ್ದರೆ ಮಗುವನ್ನು ಯಂತ್ರಕ್ಕೆ ಕಳಿಸುವುದು, ಎಡಗಡೆಯದು ಬಿದ್ದರೆ ಮನೆಯಲ್ಲೇ ಇಟ್ಟುಕೊಳ್ಳುವುದು. ಮುತ್ತಪ್ಪ ಮತ್ತು ಪ್ರಮಿಳಾ ಕೈ ಮುಗಿದು ಕೂತರು. ನಾನು ಕಂಬಕ್ಕೆ ಒರಗಿ ನಿಂತೆ. ಮೇಲ್ವಿಚಾರಕ ನಿಲ್ಲುವ ಜಾಗ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾಯವ್ವ ಎರಡು ಸೇವಂತಿಗೆ ತೆಗೆದುಕೊಂಡಳು. ಎಡಗಡೆಯದನ್ನು ಬರೀ ನೀರಿನಲ್ಲಿ ಅದ್ದಿ ದೇವರ ಭುಜಕ್ಕೆ ತಗುಲಿಸಿದಳು. ಬಲಗಡೆಯದನ್ನು ಅಂಟಿಸುವಾಗ ಸೆರಗು ಅಡ್ಡ ಬಂತು. ಸೆರಗಿನ ಮರೆಯಲ್ಲಿ ಅವಳ ಬೆರಳು ಭಂಡಾರದ ಬಟ್ಟಲಿಗೆ ಹೋಗಿ, ನೀರಲ್ಲಿ ಕಲಸಿದ ಅರಿಸಿನವನ್ನು ಗಟ್ಟಿಯಾಗಿ ಹೂವಿನ ಬೆನ್ನಿಗೆ ಮೆತ್ತಿತು. ನನಗೆ ಕಂಡಿತು. ಮೂವತ್ತನಾಲ್ಕು ವರ್ಷ ಇದನ್ನೇ ನೋಡಿದ್ದೇನೆ: ಭುಜ ಅಲುಗದೆ ಕೈ ಮಾತ್ರ ಓಡಾಡುವುದು.

ಇಪ್ಪತ್ತು ನಿಮಿಷ ಕಾದೆವು. ಎಡಗಡೆಯ ಹೂವು ಜಾರಿತು. ಅದು ನೆಲ ಮುಟ್ಟುವ ಮೊದಲೇ ಮುತ್ತಪ್ಪ ಉದ್ದಕ್ಕೆ ಅಡ್ಡಬಿದ್ದು, ಅಪ್ಪಣೆ ಆತು ಎಂದ. ಪ್ರಮಿಳಾ ಸೆರಗು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ಓಡಿದಳು. ಬಲಗಡೆಯ ಹೂವು ಇನ್ನೂ ಅಲ್ಲೇ ಇತ್ತು, ನಾಳೆಯೂ ಇರುತ್ತದೆ. ಕಣ್ಣೆದುರು ನಡೆದದ್ದು ಆ ಮಂದಬುದ್ಧಿ ಮುತ್ತಪ್ಪನಿಗೆ ಕಾಣಲಿಲ್ಲ.

ಗುಡಿಯ ಹಿಂದೆ ಮಾಯವ್ವನನ್ನು ತಡೆದು ನಿಲ್ಲಿಸಿದೆ. ನೀನು ಮಾಡಿದ್ದನ್ನು ನೋಡಿದ್ದೇನೆ, ಇದು ಮೋಸ, ಸಮಿತಿಗೆ ವರದಿ ಮಾಡಬೇಕಾಗುತ್ತದೆ ಎಂದೆ. ಅವಳು ಅರಿಸಿನದ ಬೆರಳನ್ನು ಸೀರೆಗೆ ಒರೆಸಿಕೊಂಡಳು.

“ಮಾಡೀನ್ರಿ. ಹೇಳೂದಿದ್ರ ಹೇಳ್ರಿ. ಹೇಳಿದ್ರ ನನ್ನ ಮಗ ಸಾಯೂತನಕ ನನ್ನ ಮಾರಿ ನೋಡೂದಿಲ್ಲ. ಹೇಳದಿದ್ರ ದೇವರ ಮಾರಿ ನೋಡೂದಿಲ್ಲ.” ಗುಡಿಯ ಕಡೆ ಕೈ ಮಾಡಿ, “ದೇವರು ತಡಕೊಂತಾನ್ರಿ,” ಎಂದಳು.

ಬಸ್ಸಿನಲ್ಲಿ, ರೈಲಿನಲ್ಲಿ ಒಂದೇ ಯೋಚನೆ. ನಕಲು ನಕಲೇ. ಹೇಳುವುದು ನನ್ನ ಕರ್ತವ್ಯ. ಬುಧವಾರ ಹೇಳುತ್ತೇನೆ.

ನವೆಂಬರ್ 27, ಬುಧವಾರ

ಹೇಳಲಿಲ್ಲ. ಹೇಳುವಂಥ ಮುಖ ಒಂದೂ ಅಲ್ಲಿರಲಿಲ್ಲ. ನಾನು ಒಳಗೆ ಕಾಲಿಡುತ್ತಲೇ ಅಧ್ಯಕ್ಷರು, ಏನಂತು ನಿಮ್ಮ ಹೂವು ಎಂದು ನಕ್ಕರು. ಎಲ್ಲ ಪದ್ಧತಿಯ ಪ್ರಕಾರ ನಡೆಯಿತೇ, ಯಾರದಾದರೂ ಕೈವಾಡ ಇತ್ತೇ ಎಂದು ಕಲ್ಮೇಶ ಪೆನ್ನು ಹಿಡಿದು ಕೇಳಿದ. ನನ್ನ ಸೇವಾವಧಿಯಲ್ಲಿ ಒಬ್ಬನ ನಕಲನ್ನೂ ಬಿಟ್ಟವನಲ್ಲ ನಾನು. ಪದ್ಧತಿಯ ಪ್ರಕಾರವೇ ನಡೆಯಿತು, ನಾನೇ ನೋಡಿದ್ದೇನೆ ಎಂದೆ. ಹಾಗೆಂದು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಆರೂ ಜನ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಇವರೂ ಒಂದು ಹೂವು ಬೀಳಲೆಂದು ಕಾದಿದ್ದರು, ಅಷ್ಟೇ. ನಗುವ ಯೋಗ್ಯತೆ ಇವರಲ್ಲಿ ಯಾರಿಗಿದೆ? ನನಗೂ ಇಲ್ಲ ಎಂದು ಬರೆಯಬೇಕಾಗಿದೆ, ಬರೆದಿದ್ದೇನೆ.

ಹೊರಗೆ ಅನಿಕೇತ ಬೆನ್ನು ಹತ್ತಿ ಬಂದು ವಸ್ತಿಗೆ ದಾರಿ ಕೇಳಿದ. ಹಲಸಿಯ ಗುಡಿ ದಾಟಿ ಎಡಕ್ಕೆ ಎಂದೆ. ಅಂಗೈ ಮೇಲೆ ಬರೆದುಕೊಂಡ. ಇಷ್ಟು ಡಿಗ್ರಿ ಇದ್ದವನ ಕಿಸೆಯಲ್ಲಿ ಒಂದು ತುಂಡು ಕಾಗದವಿಲ್ಲ.

ನವೆಂಬರ್ 30, ಶನಿವಾರ

ಸಂತೆಯಲ್ಲಿ ಪೇರಲ ಹಣ್ಣು ಚೆನ್ನಾಗಿದ್ದವು, ಕೊಂಡು ತಂದೆ. ನಿಮ್ಮ ಹಲ್ಲಿಗೆ ಪೇರಲ ಯಾಕೆ ಎಂದಳು ಕಾಶವ್ವ. ಅವಳು ಅವುಗಳಲ್ಲಿ ಮೆತ್ತನೆಯವನ್ನು ಆರಿಸಿ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಳು.

ಡಿಸೆಂಬರ್ 1, ಭಾನುವಾರ

ಛತ್ರಿ ತರಲು ಹೋದೆ.

ಅನಿಕೇತನ ಕಾರು ವಸ್ತಿಯ ಬಾಯಲ್ಲಿ ಕಲ್ಲಿಗೆ ತಾಗಿ ನಿಂತಿತ್ತು. ಉಸಿರುಗಟ್ಟುವುದು ಕಡಿಮೆಯಾಗಲು ಹನಿ ಔಷಧ ತಂದಿದ್ದ. ಪ್ರಮಿಳಾಳಿಗೆ ಎಷ್ಟು ಹನಿ ಎಂದು ಮೂರು ಸಲ ಹೇಳಿ, ಅವಳಿಂದ ಮೂರು ಸಲ ಹೇಳಿಸಿದ. ಸ್ಲೈಡು ಇಲ್ಲದಿದ್ದರೆ ಕನ್ನಡ ಸರಿಯಾಗಿಯೇ ಬರುತ್ತದೆ ಅವನಿಗೆ.

ಹುಡುಗಿ ತಂದೆಯ ಎದೆಗೆ ಒರಗಿ ಕೂತಿದ್ದಳು. ಬದಿಗೆ ತುಂಬಿದ ತಂಬಿಗೆ. ಈಗ ನೀರಿಗೆ ಲೆಕ್ಕವಿಲ್ಲ. ಎತ್ತಲು ಶಕ್ತಿಯಿಲ್ಲ, ಮುತ್ತಪ್ಪ ಎತ್ತಿ ಹಿಡಿದ. ಗಟಗಟ ಕುಡಿದು, ಗದ್ದದಿಂದ ಇಳಿದ ನೀರನ್ನು ಒರೆಸಲು ಬಿಡಲಿಲ್ಲ. ಪೇರಲವನ್ನು ಒಂದೇ ಸಲ ಕಚ್ಚಿ ನನಗೆ ವಾಪಸು ಕೊಟ್ಟಳು. ಆಮೇಲೆ ನಿಧಾನಕ್ಕೆ ಉಸಿರು ಎಳೆದುಕೊಂಡು, ನಿಮ್ಮ ಕಾಗದದಲ್ಲಿ ಏನು ಬರೆದಿರಿ ಎಂದು ಕೇಳಿದಳು. ನೀನು ಹೇಳಿದ್ದನ್ನೇ ಬರೆದೆ ಎಂದೆ. ದೇಸೂರ ಅಂತ ಬರೆದಿರಾ ಎಂದಳು. ಬರೆದೆ ಎಂದೆ.

“ಶಾಣ್ಯಾ ಅದೀರಿ ಮಾಸ್ತರ,” ಎಂದಳು.

ಆದರ್ಶ ಶಿಕ್ಷಕ ಪ್ರಶಸ್ತಿ ಕೊಟ್ಟಾಗ ಮಂತ್ರಿಯೊಬ್ಬ ಹತ್ತು ನಿಮಿಷ ನನ್ನನ್ನು ಹೊಗಳಿದ್ದ. ಒಂದು ಪದ ನೆನಪಿಲ್ಲ.

ಕಚ್ಚಿದ ಪೇರಲವನ್ನು ಎಲ್ಲಿಯೂ ಎಸೆಯಲು ಜಾಗ ಸಿಗಲಿಲ್ಲ, ರೈಲಿನಲ್ಲಿ ತಿಂದೆ. ಛತ್ರಿ ತರಲಿಲ್ಲ.

ಡಿಸೆಂಬರ್ 4, ಬುಧವಾರ

ನಿನ್ನೆ ಬೆಳಗ್ಗೆ ಹೋಯಿತಂತೆ. ಐಶ್ವರ್ಯಾ ಫೋನು ಮಾಡಿದ್ದಳು. ಇವತ್ತು ಸಭೆ ಇತ್ತು. ಹೋಗಲಿಲ್ಲ.

ಡಿಸೆಂಬರ್ 15, ಭಾನುವಾರ

ಹದಿಮೂರನೆಯ ದಿನದ ಊಟಕ್ಕೆ ಮುತ್ತಪ್ಪ ಕರೆದಿದ್ದ. ಹೋಗಬಾರದೆಂದುಕೊಂಡಿದ್ದೆ. ಕಾಶವ್ವ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಳು, ಹೋಗದಿದ್ದರೆ ಅವಳ ಮಾತು ಕೇಳಬೇಕಾಗುತ್ತಿತ್ತು.

ಮಾಯವ್ವ ಬಡಿಸುತ್ತಿದ್ದಳು. ಹುಗ್ಗಿ ಹಾಕುವಾಗ ನನ್ನ ಮುಖ ಒಮ್ಮೆ ನೋಡಿ, ಕೇಳದೆಯೇ ಇನ್ನೊಂದು ಸೌಟು ಹಾಕಿದಳು. ಅವಳ ಮಗ ಅವಳ ಮುಖ ನೋಡಿ ಮಾತಾಡುತ್ತಿದ್ದ. ಬೀರಪ್ಪನ ಗುಡಿಗೆ ಮಾತ್ರ ಅವನು ಆವತ್ತಿನಿಂದ ಕಾಲಿಟ್ಟಿಲ್ಲ ಎಂದು ಪೂಜಾರಿ ಹೇಳಿದ. ಆ ಮುದುಕಿಯ ಎಣಿಕೆ ತಪ್ಪಿರಲಿಲ್ಲ.

ಊಟದ ಮೇಲೆ ಮುತ್ತಪ್ಪ ನನ್ನ ಛತ್ರಿ ಹಿಡಿದುಕೊಂಡು ಬಸ್ಸಿನವರೆಗೆ ಬಂದ. ಅರ್ಧ ದಾರಿಯಲ್ಲಿ ನಿಂತ.

“ಸರ, ಬಲಗಡಿ ಹೂವಿಗೆ ಅವ್ವ ಭಂಡಾರ ಮೆತ್ತಿದ್ದು ನಾನೂ ನೋಡೀನ್ರಿ.”

ಹೇಳಲು ಸುಳ್ಳು ಒಂದು ತಯಾರಿತ್ತು, ಬಾಯಿಗೆ ಬರಲಿಲ್ಲ.

“ನಿಮಗೂ ಕಂಡೈತಿ ಅಂತ ಗೊತ್ತಿತ್ತು. ನೀವು ಎಲ್ಲಿ ಬಾಯಿ ತಗೀತೀರೋ ಅಂತ ಅಂಜಿ, ಹೂವ ಜಾರಿದ ಕೂಡ್ಲೆ ನೆಲಕ್ಕ ಬಿದ್ದೆ. ಅವ್ವಗ ಹೇಳಬ್ಯಾಡ್ರಿ. ನನ್ನ ಉಳಿಸೀನಿ ಅಂತ ತಿಳಕೊಂಡಾಳ.”

ಛತ್ರಿಯನ್ನು ನನ್ನ ಕೈಗೆ ಕೊಟ್ಟು ತಿರುಗಿ ಹೋದ. ನನ್ನ ಕಣ್ಣು ತಪ್ಪಿಸಿದವನು ಇನ್ನೂ ಹುಟ್ಟಿಲ್ಲ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೆ. ಹುಟ್ಟಿದ್ದಾನೆ, ಖಾನಾಪುರದಲ್ಲಿ ಕಂಬ ಹತ್ತುತ್ತಾನೆ.

ರೈಲಿನಲ್ಲಿದ್ದಾಗ ಅಧ್ಯಕ್ಷರ ಫೋನು. ಹೊಸದೊಂದು ಮಗು, ಎಂಟು ವರ್ಷ, ಕೇಳುವ ಕೆಲಸ ನೀವೇ ಚೆನ್ನಾಗಿ ಮಾಡುತ್ತೀರಿ, ನಾಳೆ ಬರಬಹುದೇ ಎಂದರು. ಸೋಮಾರಿಗಳು. ಬರುತ್ತೇನೆ ಎಂದೆ.

ಖಾನಾಪುರ ಬಿಡುವಾಗ ಚೆನ್ನಾಗಿಯೇ ಇದ್ದೆ. ದೇಸೂರ ಬಂದ ಕೂಡಲೇ ಹೊಟ್ಟೆ ನೋಯತೊಡಗಿತು, ಬೆಳಗಾವಿಯವರೆಗೂ ಬಿಡಲಿಲ್ಲ. ಹುಗ್ಗಿಗೆ ಬೆಲ್ಲ ಸುರಿದಿದ್ದರು. ಆ ಮಂದಿಗೆ ಯಾವುದಕ್ಕೂ ಅಳತೆ ಗೊತ್ತಿಲ್ಲ.